ಮಧ್ಯ ಆಫ್ರಿಕಾ ಗಣರಾಜ್ಯದ ಹಂಗಾಮಿ ಅಧ್ಯಕ್ಷೆ ಕ್ಯಾಥರೀನ್ ಸಾಂಬಾ-ಪಾಂಜಾ: ಮನೆಗೆ ಬೆಂಕಿ ಬಿದ್ದಾಗ ಮಾತ್ರ ಹೆಣ್ಣುಮಕ್ಕಳ ನೆನಪಾಗುತ್ತಾ?

ಅಟ್ಲಾಸ್ ಅಕ್ಕ

ಮೊನ್ನೆ ಮಗಳ ಸಾಮಾನ್ಯ ಜ್ಞಾನದ ಪುಸ್ತಕ ತಿರುವಿ ಹಾಕುತ್ತಿದ್ದೆ. "ಆಫ್ರಿಕಾದ ಮೊದಲ ಮಹಿಳಾ ಅಧ್ಯಕ್ಷೆ ಯಾರು?" ಅಂತ ಪ್ರಶ್ನೆ. ಉತ್ತರ, ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್. ಚುನಾವಣೆಯಲ್ಲಿ ಗೆದ್ದವರ ಲೆಕ್ಕ ಹಿಡಿದರೆ ಸರಿಯೇ. ಆದರೆ ಅದೇ ಲೈಬೀರಿಯಾದಲ್ಲಿ ಸುಮಾರು ಹತ್ತು ವರ್ಷ ಮೊದಲೇ ರೂತ್ ಪೆರ್ರಿ ಅನ್ನುವವರು ದೇಶದ ಚುಕ್ಕಾಣಿ ಹಿಡಿದಿದ್ದರು. ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಯಾಕೆಂದರೆ ಅವರು "ಹಂಗಾಮಿ".

ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ಹುಡುಕುತ್ತಾ ಹೋದೆ. ಬುರುಂಡಿ, ಗ್ಯಾಬೊನ್, ಗಿನಿ-ಬಿಸಾವ್, ದಕ್ಷಿಣ ಆಫ್ರಿಕಾ, ಮಾರಿಷಸ್. ಎಲ್ಲ ಕಡೆಯೂ ಒಬ್ಬೊಬ್ಬ ಹಂಗಾಮಿ ಮಹಿಳೆ ಇದ್ದಾರೆ. ಒಬ್ಬರು ಮೂರು ದಿನ, ಒಬ್ಬರು ಹದಿನಾಲ್ಕು ಗಂಟೆ, ಒಬ್ಬರು ನಾಲ್ಕು ತಿಂಗಳು. ನನ್ನನ್ನು ಹಿಡಿದು ನಿಲ್ಲಿಸಿದವರು ಮಾತ್ರ ಕ್ಯಾಥರೀನ್ ಸಾಂಬಾ-ಪಾಂಜಾ. ಮಧ್ಯ ಆಫ್ರಿಕಾ ಗಣರಾಜ್ಯವನ್ನು 2014ರ ಜನವರಿ 23ರಿಂದ 2016ರ ಮಾರ್ಚ್ 30ರವರೆಗೆ ನಡೆಸಿದವರು. ಎರಡು ವರ್ಷ ಎರಡು ತಿಂಗಳು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ದೇಶಕ್ಕೆ ಸಮುದ್ರ ಇಲ್ಲ. ರಾಜಧಾನಿ ಬಾಂಗಿ ಇರುವುದು ಉಬಾಂಗಿ ನದಿಯ ದಡದಲ್ಲಿ. ದೋಣಿಯಲ್ಲಿ ಆಚೆ ದಡಕ್ಕೆ ಹೋದರೆ ಅದು ಕಾಂಗೋ. ವಜ್ರ ಇದೆ, ಚಿನ್ನ ಇದೆ, ಮರ ಇದೆ. ಜನರ ಕೈಯಲ್ಲಿ ಏನೂ ಇಲ್ಲ. 2003ರಲ್ಲಿ ಫ್ರಾಂಸ್ವಾ ಬೊಜಿಜೆ ದಂಗೆ ಎದ್ದು ಅಧಿಕಾರ ಹಿಡಿದಿದ್ದರು. ಹತ್ತು ವರ್ಷದ ನಂತರ ಅವರಿಗೂ ಅದೇ ಗತಿಯಾಯಿತು. ಉತ್ತರದಿಂದ ಬಂದ ಸೆಲೆಕಾ ಅನ್ನುವ ಬಂಡುಕೋರರ ಕೂಟ 2013ರ ಮಾರ್ಚ್ 24ರಂದು ಬಾಂಗಿಗೆ ನುಗ್ಗಿತು. ಬೊಜಿಜೆ ಓಡಿಹೋದರು. ಸೆಲೆಕಾ ನಾಯಕ ಮಿಶೆಲ್ ಜೊಟೊಡಿಯಾ ಅಧ್ಯಕ್ಷರಾದರು. ಸೆಲೆಕಾದಲ್ಲಿ ಇದ್ದವರು ಬಹುಪಾಲು ಮುಸ್ಲಿಮರು, ದೇಶದಲ್ಲಿ ಬಹುಪಾಲು ಕ್ರೈಸ್ತರು. ಲೂಟಿ, ಕೊಲೆ ಜಾಸ್ತಿಯಾದಾಗ ಎದುರು ಗುಂಪು ಹುಟ್ಟಿತು. ಅದಕ್ಕೆ ಆಂಟಿ-ಬಲಾಕಾ ಅಂತ ಹೆಸರು. ಗುಂಡು ತಾಗದಿರಲಿ ಅಂತ ಕೊರಳ ತುಂಬಾ ತಾಯಿತ ಕಟ್ಟಿಕೊಂಡ ಹುಡುಗರು, ಕೈಯಲ್ಲಿ ಮಚ್ಚು. ಅವರು ಸೆಲೆಕಾದವರನ್ನಷ್ಟೇ ಹುಡುಕಲಿಲ್ಲ, ಸಿಕ್ಕ ಮುಸ್ಲಿಮರನ್ನೆಲ್ಲ ಅಟ್ಟಿಸಿಕೊಂಡು ಹೋದರು.

2014ರ ಜನವರಿ 10ರಂದು ನೆರೆಯ ಚಾಡ್ ದೇಶದ ರಾಜಧಾನಿ ಎಂಜಮೇನಾದಲ್ಲಿ ಅಕ್ಕಪಕ್ಕದ ದೇಶಗಳ ನಾಯಕರು ಸೇರಿ ಜೊಟೊಡಿಯಾ ಕೈಯಿಂದ ರಾಜೀನಾಮೆ ಕೊಡಿಸಿದರು. ತಾತ್ಕಾಲಿಕ ಸಂಸತ್ತಿನ ಸದಸ್ಯರನ್ನೆಲ್ಲ ವಿಮಾನ ಹತ್ತಿಸಿ ಅಲ್ಲಿಗೇ ಕರೆಸಿಕೊಂಡಿದ್ದರು. ಜನವರಿ 20ಕ್ಕೆ ಬಾಂಗಿಯಲ್ಲಿ ಆ ಸದಸ್ಯರು ಮತ ಹಾಕಿದರು. ಕಣದಲ್ಲಿ ಎಂಟು ಮಂದಿ. ಎರಡನೇ ಸುತ್ತಿನಲ್ಲಿ ಸಾಂಬಾ-ಪಾಂಜಾಗೆ 75 ಮತ, ಮಾಜಿ ಅಧ್ಯಕ್ಷರ ಮಗ ಡೆಸಿರೆ ಕೊಲಿಂಗ್ಬಾಗೆ 53.

ಆಗ ಆಕೆಗೆ 59 ವರ್ಷ. ಫ್ರಾನ್ಸಿನಲ್ಲಿ ಕಾನೂನು ಓದಿದವರು. ವಿಮಾ ವ್ಯವಹಾರ ನಡೆಸಿದವರು. ಮಹಿಳಾ ವಕೀಲರ ಸಂಘದಲ್ಲಿ ದುಡಿದವರು. ಆಯ್ಕೆಗೆ ಏಳು ತಿಂಗಳ ಹಿಂದಷ್ಟೇ ಬಾಂಗಿಯ ಮೇಯರ್ ಆಗಿದ್ದರು. ಸ್ವಂತ ಪಕ್ಷ ಇಲ್ಲ. ಒಬ್ಬ ಬಂದೂಕುಧಾರಿಯೂ ಇಲ್ಲ. ಜೊತೆಗೆ ಒಂದು ಷರತ್ತು: ಹಂಗಾಮಿ ಅಧ್ಯಕ್ಷರಾದವರು ಮುಂದಿನ ಚುನಾವಣೆಗೆ ನಿಲ್ಲುವಂತಿಲ್ಲ.

ನನ್ನ ಅನುಮಾನ ಇಷ್ಟೇ. ಆ ಕುರ್ಚಿ ಆಕೆಗೆ ಸಿಕ್ಕಿದ್ದು ಆಕೆಯ ಯೋಗ್ಯತೆಗೋ, ಅಥವಾ "ಈಕೆ ಎದ್ದು ಹೋಗುತ್ತಾಳೆ" ಅನ್ನುವ ಧೈರ್ಯಕ್ಕೋ?

ಪಡುಬಿದ್ರಿ ಪ್ಯಾಸೆಂಜರ್

ಹಂಗಾಮಿ ಅಂದರೆ ಮುಂಗಾರು ಹಂಗಾಮೋ ಹಿಂಗಾರು ಹಂಗಾಮೋ ಮಾರಾಯ್ರೇ? 😄

ತಮಾಷೆ ಬಿಡಿ. ಹದಿನಾಲ್ಕು ಗಂಟೆಯವರು ಯಾರು? ಅಷ್ಟೊತ್ತಿನಲ್ಲಿ ನಮ್ಮ ಮತ್ಸ್ಯಗಂಧ ಮುಂಬೈಗೂ ಮುಟ್ಟುವುದಿಲ್ಲ.

ತುಂಗಾತೀರ

ಅವರು ದಕ್ಷಿಣ ಆಫ್ರಿಕಾದ ಐವಿ ಮಾತ್ಸೆಪೆ-ಕಸಬುರಿ. 2008ರ ಸೆಪ್ಟೆಂಬರ್ 25. ಥಾಬೊ ಎಂಬೆಕಿ ಅವರ ರಾಜೀನಾಮೆ ಜಾರಿಗೆ ಬಂದು, ಸಂಸತ್ತು ಕ್ಗಾಲೆಮಾ ಮೊಟ್ಲಾಂಟೆ ಅವರನ್ನು ಆರಿಸುವವರೆಗಿನ ಸಂದು. ಆಕೆ ಸಂಪರ್ಕ ಖಾತೆಯ ಸಚಿವೆ. ಕುರ್ಚಿ ಖಾಲಿ ಬಿಡಬಾರದು ಅಂತ ಕೂರಿಸಿದರು, ಅಷ್ಟೇ.

ಅಟ್ಲಾಸ್ ಅಕ್ಕ, ನಿಮ್ಮ ಶೀರ್ಷಿಕೆಗೆ ನನ್ನ ತಕರಾರು ಇರುವುದೂ ಇಲ್ಲೇ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗ್ಯಾಬೊನ್ ನೋಡಿ. ನಲವತ್ತೊಂದು ವರ್ಷ ಆಳಿದ ಒಮರ್ ಬೊಂಗೊ 2009ರ ಜೂನ್ 8ರಂದು ಬಾರ್ಸಿಲೋನಾದಲ್ಲಿ ತೀರಿಕೊಂಡರು. ಅಧ್ಯಕ್ಷ ಸ್ಥಾನ ಖಾಲಿಯಾದರೆ ಸೆನೆಟ್ ಅಧ್ಯಕ್ಷರು ನಡೆಸಿಕೊಂಡು ಹೋಗಬೇಕು ಅಂತ ಅಲ್ಲಿನ ಸಂವಿಧಾನದಲ್ಲಿ ಬರೆದಿತ್ತು. ಸೆನೆಟ್ ಅಧ್ಯಕ್ಷೆ ರೋಸ್ ಫ್ರಾನ್ಸಿನ್ ರೊಗೊಂಬೆ. ಎರಡು ದಿನದಲ್ಲಿ ಪ್ರಮಾಣವಚನ ಆಯಿತು. ಆಗಸ್ಟ್ 30ಕ್ಕೆ ಚುನಾವಣೆ, ಗೆದ್ದದ್ದು ಬೊಂಗೊ ಅವರ ಮಗ ಅಲಿ. ಅಕ್ಟೋಬರ್ 16ಕ್ಕೆ ಅಧಿಕಾರ ಒಪ್ಪಿಸಿ ಈಕೆ ಮತ್ತೆ ತಮ್ಮ ಸೆನೆಟ್ ಕುರ್ಚಿಗೆ ಹೋಗಿ ಕೂತರು. ಇಲ್ಲಿ ಯಾರೂ ಹೆಣ್ಣು ಅಂತ ಹುಡುಕಿ ತಂದದ್ದಲ್ಲ. ನಿಯಮ ಇತ್ತು, ಅದರಂತೆ ಆಯಿತು.

ಗಿನಿ-ಬಿಸಾವ್‌ನ ಕಾರ್ಮೆನ್ ಪೆರೇರಾ ಕೂಡ ಹಾಗೆಯೇ. 1984ರ ಮೇ 14ರಿಂದ 16. ಅವರು ಸಂಸತ್ತಿನ ಅಧ್ಯಕ್ಷೆ, ಹೊಸ ಸಂವಿಧಾನ ಜಾರಿಗೆ ಬರುವ ನಡುವಿನ ಮೂರು ದಿನ ರಾಷ್ಟ್ರದ ಮುಖ್ಯಸ್ಥೆ. ರೂತ್ ಪೆರ್ರಿಗಿಂತ ಹನ್ನೆರಡು ವರ್ಷ ಮೊದಲು. ನಿಮ್ಮ ಮಗಳ ಪುಸ್ತಕದವರಿಗೆ ಇದನ್ನೂ ಹೇಳಿ.

ಸವಳಗಿ ಸೀಮಿ

ಹಂಗಾಮಿ ಅಂದ್ರ ನಮ್ಮ ಬಿ.ಡಿ. ಜತ್ತಿಯವರನ್ನ ಬಿಟ್ಟು ಮಾತಾಡೂದು ಹ್ಯಾಂಗ್ರೀ? ನಮ್ಮ ಊರಿನವರು. ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದವರು, ಆಮೇಲೆ ಉಪರಾಷ್ಟ್ರಪತಿ. 1977ರ ಫೆಬ್ರುವರಿ 11ಕ್ಕೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜುಲೈ 25ರ ತನಕ ಹಂಗಾಮಿ ರಾಷ್ಟ್ರಪತಿ. ಅದೇ ಹೊತ್ತಿಗೆ ಜನತಾ ಸರ್ಕಾರ ಬಂತು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಮುಂದೆ ಇಟ್ಟಿತು. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ದಿಲ್ಲಿಯೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಕಡೆಗೆ ಸಹಿ ಬಿತ್ತು.

ಹಂಗಾಮಿ ಅಂದ್ರ ಸುಮ್ನ ಕುರ್ಚಿ ಕಾಯೂದಲ್ಲ ಅಂತ ಹೇಳಾಕ ಇಷ್ಟು ಬರೆದೆ. ಇನ್ನ ಆಫ್ರಿಕಾಕ್ಕ ಹೋಗ್ರಿ.

ಅಟ್ಲಾಸ್ ಅಕ್ಕ

ಸವಳಗಿಯವರೇ, ಜತ್ತಿಯವರನ್ನು ತಂದದ್ದು ಒಳ್ಳೆಯದಾಯಿತು. ಆದರೆ ಅವರ ಪೆನ್ನಿಗೆ ಹಿಂದೆ ಒಂದು ದೇಶ ಇತ್ತು. ಸಹಿ ಹಾಕಿದರೆ ಕಲೆಕ್ಟರು, ಪೊಲೀಸು, ಖಜಾನೆ ಎಲ್ಲ ಅಲ್ಲಾಡುತ್ತಿತ್ತು. ಸಾಂಬಾ-ಪಾಂಜಾ ಸಹಿ ಹಾಕಿದರೆ ಪಕ್ಕದ ಕೋಣೆಯ ಗುಮಾಸ್ತನೂ ಇರಲಿಲ್ಲ, ಯಾಕೆಂದರೆ ಅವನಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ.

ತುಂಗಾತೀರ, ಒಪ್ಪಿದೆ. ಎರಡು ಬಗೆ ಅಂತ ಇಟ್ಟುಕೊಳ್ಳೋಣ. ನಿಯಮದ ಹಂಗಾಮಿ ಒಂದು, ಬೆಂಕಿಯ ಹಂಗಾಮಿ ಇನ್ನೊಂದು. ನನ್ನ ಪ್ರಶ್ನೆ ಎರಡನೆಯದರ ಬಗ್ಗೆ.

ತುಂಗಾತೀರ

ಹಾಗಾದರೆ ಬುರುಂಡಿಯ ಸಿಲ್ವಿ ಕಿನಿಗಿಯನ್ನು ಎಲ್ಲಿಡುತ್ತೀರಿ? 1993ರ ಅಕ್ಟೋಬರ್ 21ರಂದು ಸೈನಿಕರು ಅಧ್ಯಕ್ಷ ಮೆಲ್ಕಿಯೊರ್ ಎಂಡಡಾಯೆ ಅವರನ್ನು ಕೊಂದರು. ಅವರ ನಂತರ ಕುರ್ಚಿ ಸೇರಬೇಕಾಗಿದ್ದದ್ದು ಸಂಸತ್ತಿನ ಅಧ್ಯಕ್ಷರಿಗೆ. ಅವರನ್ನೂ ಕೊಂದಿದ್ದರು. ಉಪಾಧ್ಯಕ್ಷರನ್ನೂ ಬಿಟ್ಟಿರಲಿಲ್ಲ. ಉಳಿದದ್ದು ಪ್ರಧಾನಿಯಾಗಿದ್ದ ಕಿನಿಗಿ. ಪ್ರಾಣ ಉಳಿಸಿಕೊಳ್ಳಲು ಫ್ರೆಂಚ್ ರಾಯಭಾರ ಕಚೇರಿ ಸೇರಿದ್ದರು. ಅಲ್ಲಿಂದಲೇ ಸರ್ಕಾರದ ಎಳೆ ಹಿಡಿದುಕೊಂಡರು. ಅವರು ಟುಟ್ಸಿ ಜನಾಂಗ, ಸತ್ತ ಅಧ್ಯಕ್ಷರು ಎದುರಾಳಿ ಹುಟು ಜನಾಂಗ. ಇದು ನಿಯಮವೂ ಹೌದು, ಬೆಂಕಿಯೂ ಹೌದು.

ಅಟ್ಲಾಸ್ ಅಕ್ಕ

ಅಯ್ಯೋ. ಸಾಲಿನಲ್ಲಿ ಮುಂದೆ ನಿಂತವರೆಲ್ಲ ಸತ್ತಿದ್ದಕ್ಕೆ ಸರದಿ ಬಂತು ಅನ್ನಿ. ಇದನ್ನು ಓದಿದ್ದೆ, ಇಷ್ಟು ವಿವರ ಮನಸ್ಸಿಗೆ ಬಿದ್ದಿರಲಿಲ್ಲ.

ಗಿರಿಜೆ

ನನಗೆ ಕಿರಿಕಿರಿ ಆಗುವುದು "ಅಮ್ಮ" ಅನ್ನುವ ಮಾತಿನಿಂದ. ಸಾಂಬಾ-ಪಾಂಜಾ ಆಯ್ಕೆಯಾದ ದಿನವೇ ಆಂಟಿ-ಬಲಾಕಾ ಹುಡುಗರನ್ನೂ ಸೆಲೆಕಾ ಹುಡುಗರನ್ನೂ "ನನ್ನ ಮಕ್ಕಳೇ" ಅಂತ ಕರೆದು, ಆಯುಧ ಕೆಳಗಿಡಿ ಅಂದರು. ಪತ್ರಿಕೆಗಳಿಗೆ ಅದು ತುಂಬಾ ಇಷ್ಟವಾಯಿತು. ರೂತ್ ಪೆರ್ರಿ ಬಗ್ಗೆಯೂ ಇದೇ ಧಾಟಿಯಲ್ಲೇ ಬರೆದರು, ಸೇನಾ ನಾಯಕರನ್ನು ತಾಯಿಯ ಹಾಗೆ ತಿದ್ದುವವರು ಅಂತ. ಗಂಡಸು ಅಧ್ಯಕ್ಷನಾದರೆ ಅವನ ಸೈನ್ಯ ಎಷ್ಟು, ಹಣ ಎಷ್ಟು ಅಂತ ಕೇಳುತ್ತಾರೆ. ಹೆಂಗಸಾದರೆ ಮಮತೆ ಎಷ್ಟು ಅಂತ ಕೇಳುತ್ತಾರೆ. ಮಚ್ಚು ಹಿಡಿದವನು ಹೆತ್ತ ತಾಯಿಯ ಮಾತನ್ನೇ ಕೇಳಲ್ಲ ಕಣ್ರೀ.

ಬೆಣ್ಣೆದೋಸೆ ಬಾಬು

ಗಿರಿಜಾ ಮೇಡಂ, ಮಮತೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಫೆಬ್ರುವರಿ 5, 2014. ಅಧಿಕಾರಕ್ಕೆ ಬಂದು ಎರಡು ವಾರ. ಚದುರಿಹೋದ ಸೈನಿಕರನ್ನೆಲ್ಲ ಬಾಂಗಿಯಲ್ಲಿ ಒಂದು ಕಡೆ ಸೇರಿಸಿ, ಸೈನ್ಯ ಮತ್ತೆ ಕಟ್ಟುತ್ತಿದ್ದೇವೆ ಅಂತ ಸಮಾರಂಭ ಮಾಡಿದರು. ಸಾಂಬಾ-ಪಾಂಜಾ ಬಂದು, ನಿಮ್ಮ ಬಗ್ಗೆ ಹೆಮ್ಮೆ ಇದೆ ಅಂತ ಮಾತಾಡಿ ಹೊರಟರು. ಅವರು ಹೋಗಿ ಕೆಲವೇ ನಿಮಿಷ. ಗುಂಪಿನಲ್ಲಿದ್ದ ಒಬ್ಬನನ್ನು ತೋರಿಸಿ "ಇವನು ಸೆಲೆಕಾ" ಅಂತ ಯಾರೋ ಕೂಗಿದರು. ಸಮವಸ್ತ್ರದಲ್ಲಿದ್ದ ಸೈನಿಕರೇ ಅವನನ್ನು ಹೊಡೆದು, ಚುಚ್ಚಿ ಕೊಂದರು. ಪತ್ರಕರ್ತರ ಕ್ಯಾಮೆರಾ ಮುಂದೆಯೇ. ಅದು ಅವರ "ಹೊಸ ಸೈನ್ಯ".

ಗಿರಿಜೆ

ಅದನ್ನೇ ಹೇಳಲು ಹೊರಟಿದ್ದೆ. ಆ ವಾರದ ನಂತರ ಅವರ ಮಾತೇ ಬದಲಾಯಿತು. ಫೆಬ್ರುವರಿ 12ರಂದು ಬಾಂಗಿಯ ನೈರುತ್ಯಕ್ಕಿರುವ ಎಂಬೈಕಿ ಪಟ್ಟಣಕ್ಕೆ ಹೋದರು. ಫ್ರಾನ್ಸಿನ ರಕ್ಷಣಾ ಸಚಿವರೂ ಜೊತೆಗಿದ್ದರು. ಅಲ್ಲಿ ಆಂಟಿ-ಬಲಾಕಾ ವಿರುದ್ಧ ಯುದ್ಧಕ್ಕೆ ಇಳಿಯುತ್ತೇನೆ ಅಂದುಬಿಟ್ಟರು. ನಾನು ಹೆಂಗಸು, ಅದಕ್ಕೇ ದುರ್ಬಲಳು ಅಂತ ಅವರು ತಿಳಿದುಕೊಂಡಿದ್ದಾರೆ ಅಂತಲೂ ಸೇರಿಸಿದರು. "ಮಕ್ಕಳೇ" ಅಂದು ನಾಲ್ಕು ವಾರವೂ ಆಗಿರಲಿಲ್ಲ.

ಎಂಬೈಕಿಯಲ್ಲಿ ಆಗ ಮುಸ್ಲಿಮರು ಬಹುತೇಕ ಊರು ಬಿಟ್ಟಿದ್ದರು. ಉಳಿದುಕೊಂಡವರಲ್ಲಿ ಒಬ್ಬರು ಊರಿನ ಉಪಮೇಯರ್. ಇದು ನನ್ನ ಊರು, ಎಲ್ಲಿಗೆ ಹೋಗಲಿ ಅನ್ನುವ ಜಾತಿಯವರು. ಒಟ್ಟಿಗೆ ಬಾಳುವುದಕ್ಕೆ ಈ ಊರೇ ಸಾಕ್ಷಿ ಅಂತ ಅವತ್ತು ಗಣ್ಯರೆಲ್ಲ ಮೆಚ್ಚಿ ಮಾತಾಡಿ ಹೋದರು. ಫೆಬ್ರುವರಿ ಮುಗಿಯುವುದರೊಳಗೆ ಆ ಉಪಮೇಯರ್ ಅವರನ್ನು ಕೊಂದುಹಾಕಿದರು.

ಹೆಣ್ಣು ಗಂಡು ಬಿಟ್ಟುಬಿಡಿ. ಯುದ್ಧ ಸಾರುವುದಕ್ಕೂ ಒಂದು ಸೈನ್ಯ ಬೇಕು. ಆಕೆ ಸಾರಿದ ಯುದ್ಧವನ್ನು ಆಗ ಅಲ್ಲಿದ್ದ ಫ್ರೆಂಚ್ ಸೈನಿಕರು, ಆಫ್ರಿಕನ್ ಒಕ್ಕೂಟದ ಪಡೆಯವರು ಮಾಡಬೇಕಿತ್ತು. ಅವರಿಗೆ ಅವರದೇ ಲೆಕ್ಕಾಚಾರ.

ಪಡುಬಿದ್ರಿ ಪ್ಯಾಸೆಂಜರ್

ಇದು ಓದಿ ತಮಾಷೆ ಮಾಡಿದ್ದಕ್ಕೆ ನಾಚಿಕೆ ಆಯ್ತು.

ದುವಾಲಾ ರಿಟರ್ನ್

ಎಷ್ಟೋ ದಿನದಿಂದ ಇಲ್ಲಿ ಬರೀ ಓದುತ್ತಿದ್ದೆ. ಇವತ್ತು ಬರೆಯಲೇಬೇಕು.

ನಾನು ಆ ಸಮಯದಲ್ಲಿ ಕ್ಯಾಮರೂನ್‌ನ ದುವಾಲಾದಲ್ಲಿದ್ದೆ. ಔಷಧಿ ಸಗಟು ವ್ಯಾಪಾರದ ಒಂದು ಸಣ್ಣ ಕಂಪನಿ, ನಾನು ಅಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಬಾಂಗಿಗೆ ಸಮುದ್ರ ಇಲ್ಲ ಅಂತ ಅಕ್ಕ ಬರೆದಿದ್ದಾರಲ್ಲ, ಆ ದೇಶದ ಬಾಗಿಲು ದುವಾಲಾ ಬಂದರು. ಅಕ್ಕಿ, ಸಿಮೆಂಟು, ಡೀಸೆಲ್, ಮಾತ್ರೆ ಎಲ್ಲ ಅಲ್ಲಿ ಇಳಿದು ಲಾರಿಯಲ್ಲಿ ಸುಮಾರು 1,400 ಕಿಲೋಮೀಟರ್ ಹೋಗಬೇಕು. ಗಡಿಯಲ್ಲಿ ಗರುವಾ-ಬುಲಾಯ್ ಅನ್ನುವ ಊರು. 2014ರ ಜನವರಿಯಲ್ಲಿ ಅಲ್ಲಿ ನೂರಾರು ಲಾರಿ ನಿಂತುಬಿಟ್ಟವು. ಆಚೆ ಹೋದರೆ ಕೊಲ್ಲುತ್ತಾರೆ, ಹೋಗಲ್ಲ ಅಂತ ಡ್ರೈವರ್‌ಗಳು ಕೂತರು. ಕೊನೆಗೆ ಆಫ್ರಿಕನ್ ಪಡೆಯ ಕಾವಲಿನಲ್ಲಿ ಸಾಲುಸಾಲಾಗಿ ಬಿಡಲು ಶುರು ಮಾಡಿದರು.

ನಮ್ಮದೂ ಒಂದು ಲಾರಿ ಇತ್ತು. ಡ್ರಿಪ್ ಬಾಟಲಿ, ಮಲೇರಿಯಾ ಮಾತ್ರೆ, ಬ್ಯಾಂಡೇಜು. ಟಾರ್ಪಾಲಿನ ಕೆಳಗೆ ಬಿಸಿಲಿಗೆ ಬೇಯುತ್ತಿತ್ತು. ಸರಕಿನ ಲೆಕ್ಕ ನೋಡಲು ನನ್ನನ್ನು ಗಡಿಗೆ ಕಳಿಸಿದರು. ಡ್ರೈವರ್ ಕ್ಯಾಮರೂನ್‌ನ ಉತ್ತರ ಭಾಗದವರು, ಮುಸ್ಲಿಂ, ನನ್ನ ಅಪ್ಪನ ವಯಸ್ಸು. ಲಾರಿಯ ಕನ್ನಡಿಗೆ ಯಾವಾಗಲೂ ಒಂದು ಹಸಿರು ತಸ್ಬಿ ಮಣಿಸರ ತೂಗುತ್ತಿತ್ತು. ಹೊರಡುವ ದಿನ ಬೆಳಿಗ್ಗೆ ಅದನ್ನು ಬಿಚ್ಚಿದರು. ಒಂದು ಖಾಲಿ ಮಾತ್ರೆ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು.

ಹೊಸ ಅಧ್ಯಕ್ಷೆಯ ಸುದ್ದಿ ರೇಡಿಯೋದಲ್ಲಿ ದಿನಾ ಬರುತ್ತಿತ್ತು. ಆಕೆಯ ಅಪ್ಪ ಕ್ಯಾಮರೂನ್‌ನವರು, ಹಾಗಾಗಿ ನಮ್ಮ ಆಫೀಸಿನಲ್ಲಿ "ನಮ್ಮ ಹುಡುಗಿ" ಅಂತ ಖುಷಿ. ಆ ಡ್ರೈವರ್‌ನ ಕೇಳಿದೆ, ಏನಂತೀರಿ ಅಂತ. "ಬಾಂಗಿಯಲ್ಲಿ ಅಮ್ಮ ಬಂದಿದ್ದಾಳೆ. ರಸ್ತೆಯಲ್ಲಿ ಹುಡುಗರೇ ಇದ್ದಾರೆ" ಅಂದರು.

ರಸ್ತೆಗೆ ಅಡ್ಡ ಹಗ್ಗ. ಹಗ್ಗ ಇಳಿಸಲು ಹಣ. ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಹಗ್ಗ. ಆಕೆಯ ಸರ್ಕಾರ ಎಲ್ಲಿಯವರೆಗೆ ಇತ್ತು ಅಂತ ಯಾರಾದರೂ ಕೇಳಿದರೆ ನಾನು ಆ ಹಗ್ಗಗಳನ್ನೇ ಹೇಳುತ್ತೇನೆ.

ಬೆಣ್ಣೆದೋಸೆ ಬಾಬು

ಗುರುಗಳೇ, ಇದು ಬರಹ.

ಆದರೂ ನಾನು ವಕ್ರ ಮಾತಾಡದೆ ಇರಲಾರೆ. ಅಂಗೋಲಾದ ಹಣದ ವಿಷಯ ಯಾರೂ ಎತ್ತಲಿಲ್ಲ. ಕಷ್ಟದಲ್ಲಿರುವ ದೇಶಕ್ಕೆ ಅಂತ ಅಂಗೋಲಾ 1 ಕೋಟಿ ಡಾಲರ್ ಕೊಟ್ಟಿತ್ತು. ಅದರಲ್ಲಿ ಸುಮಾರು 25 ಲಕ್ಷ ಡಾಲರ್ ಖಜಾನೆಯ ಲೆಕ್ಕಕ್ಕೆ ಬರಲಿಲ್ಲ ಅಂತ 2014ರ ಅಕ್ಟೋಬರ್ ಹೊತ್ತಿಗೆ ದೊಡ್ಡ ಗಲಾಟೆ. ತಾತ್ಕಾಲಿಕ ಸಂಸತ್ತು ವಿವರಣೆ ಕೇಳಿತು. ಆಕೆ ದುರುಪಯೋಗ ಆಗಿಲ್ಲ ಅಂದರು. ಆದರೆ "ಇವರು ಬೇರೆಯವರಂತಲ್ಲ" ಅಂತ ನಂಬಿದ್ದವರ ಮುಖ ಸಪ್ಪೆ ಆಯಿತು. ಹಂಗಾಮಿ ಅಂತ ಲೆಕ್ಕ ಕೇಳದೆ ಬಿಡಲು ಆಗುತ್ತಾ?

ಗಿರಿಜೆ

ಕೇಳಬೇಕು. ಹೆಣ್ಣು ಅಂತಲೂ ಬಿಡಬೇಡಿ. ಬೊಜಿಜೆಯ ಹತ್ತು ವರ್ಷದ ಲೆಕ್ಕವನ್ನೂ ಇದೇ ಉತ್ಸಾಹದಲ್ಲಿ ಕೇಳಿ.

ತುಂಗಾತೀರ

ಜಗಳ ಬೇಡ, ಇಬ್ಬರದೂ ಸರಿ. ನಾನು ಅವರ ಕೆಲಸದ ಪಟ್ಟಿಯಿಂದ ಒಂದೆರಡು ಹೇಳುತ್ತೇನೆ, ಹೊಗಳಿಕೆ ಅಂತ ತಿಳಿಯಬೇಡಿ.

2014ರ ಆಗಸ್ಟ್‌ನಲ್ಲಿ ಮಹಮತ್ ಕಮೂನ್ ಅವರನ್ನು ಪ್ರಧಾನಿ ಮಾಡಿದರು. ಆ ದೇಶದ ಮೊದಲ ಮುಸ್ಲಿಂ ಪ್ರಧಾನಿ. ಒಳ್ಳೆಯ ನಡೆ ಅಂತ ಹೊರಗಿನವರು ಚಪ್ಪಾಳೆ ತಟ್ಟಿದರು. ಸೆಲೆಕಾದವರು ಮಾತ್ರ "ಇವನು ನಮ್ಮವನಲ್ಲ, ನಮ್ಮನ್ನು ಕೇಳಲಿಲ್ಲ" ಅಂತ ಮುಖ ತಿರುಗಿಸಿದರು. ಮುಸ್ಲಿಂ ಅನ್ನುವುದೂ ಸೆಲೆಕಾ ಅನ್ನುವುದೂ ಬೇರೆ ಬೇರೆ ಅಂತ ಅಲ್ಲೇ ಗೊತ್ತಾಗುತ್ತೆ.

2015ರ ಮೇ ತಿಂಗಳಲ್ಲಿ ಬಾಂಗಿಯಲ್ಲಿ ದೊಡ್ಡ ರಾಷ್ಟ್ರೀಯ ಸಮಾಲೋಚನೆ ನಡೆಯಿತು. ಅದಾದ ಮೇಲೆ ಜೂನ್‌ನಲ್ಲಿ ವಿಶೇಷ ಅಪರಾಧ ನ್ಯಾಯಾಲಯದ ಕಾನೂನಿಗೆ ಸಹಿ ಹಾಕಿದರು. ಯುದ್ಧಾಪರಾಧ ಮಾಡಿದವರನ್ನು ದೇಶದ ಒಳಗೇ, ದೇಶದ ಮತ್ತು ಹೊರದೇಶದ ನ್ಯಾಯಾಧೀಶರು ಒಟ್ಟಿಗೆ ಕೂತು ವಿಚಾರಿಸುವ ವ್ಯವಸ್ಥೆ. ಅಲ್ಲಿ ಹಿಂದಿನ ಒಪ್ಪಂದಗಳೆಲ್ಲ ಬಂದೂಕಿನವರಿಗೆ ಕ್ಷಮೆ, ಮಂತ್ರಿಗಿರಿ ಕೊಟ್ಟೇ ಮುಗಿಯುತ್ತಿದ್ದವು. ಅಂಥ ಕಡೆ ಇದು ಸಣ್ಣ ವಿಷಯ ಅಲ್ಲ. ಮತ ಹಾಕಿಸಿಕೊಂಡು ಬಂದವರಿಗೆ ಇಂಥ ಕಾಗದಕ್ಕೆ ಸಹಿ ಹಾಕುವುದು ಕಷ್ಟ. ಮುಂದೆ ನಿಲ್ಲುವಂತಿಲ್ಲ ಅನ್ನುವವರಿಗೆ ಸ್ವಲ್ಪ ಸುಲಭ. ಅಕ್ಕ ಹೇಳಿದ ಆ ಷರತ್ತು ಕೈ ಕಟ್ಟಿತು ನಿಜ, ಒಂದು ಬೆರಳನ್ನು ಬಿಚ್ಚಿಯೂ ಕೊಟ್ಟಿತು.

ಅಟ್ಲಾಸ್ ಅಕ್ಕ

ಈ ಕೋನ ನನಗೆ ಹೊಳೆದಿರಲಿಲ್ಲ. ನನ್ನ ಮೊದಲ ಪೋಸ್ಟಿನ ಧಾಟಿ ಸ್ವಲ್ಪ ಏಕಪಕ್ಷೀಯ ಆಯಿತು ಅನ್ನಿಸುತ್ತಿದೆ.

ಆದರೂ ರೂತ್ ಪೆರ್ರಿ ಕಥೆ ಹೇಳಿಯೇ ಮುಂದೆ ಹೋಗುತ್ತೇನೆ. 1996ರ ಆಗಸ್ಟ್‌ನಲ್ಲಿ ನೈಜೀರಿಯಾದ ಅಬುಜಾದಲ್ಲಿ ಅಂತರ್ಯುದ್ಧ ನಿಲ್ಲಿಸುವ ಒಪ್ಪಂದ. ಸೆಪ್ಟೆಂಬರ್ 3ಕ್ಕೆ ಪೆರ್ರಿ ಲೈಬೀರಿಯಾದ ಆಡಳಿತ ಮಂಡಳಿಯ ಅಧ್ಯಕ್ಷೆ. ಅದೇ ಮಂಡಳಿಯಲ್ಲಿ ಅವರ ಜೊತೆ ಕೂತವರು ಯಾರು ಗೊತ್ತಾ? ಚಾರ್ಲ್ಸ್ ಟೇಲರ್, ಅಲ್ಹಾಜಿ ಕ್ರೋಮಾ, ಜಾರ್ಜ್ ಬೋಲಿ. ಒಬ್ಬೊಬ್ಬರ ಹಿಂದೆಯೂ ಒಂದೊಂದು ಪಡೆ. ನಡುವೆ ಒಬ್ಬ ಮಾಜಿ ಸೆನೆಟರ್, ಏಳು ಮಕ್ಕಳ ತಾಯಿ. ಹನ್ನೊಂದು ತಿಂಗಳು ತಳ್ಳಿದರು. 1997ರ ಜುಲೈನಲ್ಲಿ ಚುನಾವಣೆ ಆಯಿತು. ಗೆದ್ದವನು ಟೇಲರ್. ಆಗಸ್ಟ್ 2ಕ್ಕೆ ಅವನ ಕೈಗೇ ದೇಶ ಒಪ್ಪಿಸಿ ಹೋದರು.

ಅಬುಜಾದಲ್ಲಿ ಮೇಜಿನ ಸುತ್ತ ಕೂತವರು ಪೆರ್ರಿಯನ್ನು ಯಾಕೆ ಒಪ್ಪಿದರು? ತಮ್ಮೊಳಗೆ ಯಾರೊಬ್ಬನೂ ಇನ್ನೊಬ್ಬನನ್ನು ಒಪ್ಪುತ್ತಿರಲಿಲ್ಲ, ಅದಕ್ಕೆ. ಎಂಜಮೇನಾದ ನಂತರವೂ ಅದೇ ಲೆಕ್ಕ ನಡೆಯಿತು ಅಂತ ನನ್ನ ಅನಿಸಿಕೆ.

ಸವಳಗಿ ಸೀಮಿ

ಅಕ್ಕಾರ, ಒಂದು ಮಾತು. ಬಾಂಗಿಯೊಳಗ ಮತ ಹಾಕಿದ ಸದಸ್ಯರು ಆಕೆಗೇ ಯಾಕ ಹಾಕಿದ್ರು ಅಂದ್ರ, 2003ರ ರಾಷ್ಟ್ರೀಯ ಸಂವಾದದಾಗ ಆಕೆ ಮುಂದ ನಿಂತು ನಡೆಸಿಕೊಟ್ಟಿದ್ದನ್ನ ಅವರು ನೋಡಿದ್ರು. ಗುಂಪುಗಳನ್ನ ಒಂದ ಕೋಣೆಯೊಳಗ ಕೂಡಿಸೂದು ಆಕೆಗೆ ಹೊಸದಲ್ಲ. "ಎದ್ದು ಹೋಗುತ್ತಾಳ" ಅಂತ ಅಷ್ಟ ಅಲ್ಲ, "ಕೂಡಿಸತಾಳ" ಅಂತನೂ ಇತ್ತು. ಪುಕ್ಕಟೆ ಸಿಕ್ಕದ್ದು ಅಂತ ಅನಬ್ಯಾಡ್ರಿ.

ಅಟ್ಲಾಸ್ ಅಕ್ಕ

ಸರಿ ಸರ್. ಇದು ನ್ಯಾಯವಾದ ಮಾತು.

ಗಿರಿಜೆ

ಅವಧಿಯ ಬಗ್ಗೆ ಒಂದು ಮಾತು. ಮೊದಲು 2015ರ ಫೆಬ್ರುವರಿಗೆ ಮುಗಿಯಬೇಕಿತ್ತು. ಆಗಸ್ಟ್‌ಗೆ ಹೋಯಿತು. ಮತ್ತೆ ಡಿಸೆಂಬರ್‌ಗೆ. ಮತ್ತೆ 2016ರ ಮಾರ್ಚ್‌ಗೆ. ಆಗ "ಇವಳೂ ಕುರ್ಚಿ ಬಿಡಲ್ಲ" ಅಂತ ಬೈದವರು ಬಹಳ ಮಂದಿ. 2015ರ ಸೆಪ್ಟೆಂಬರ್‌ನಲ್ಲಂತೂ ಮುಗಿದೇ ಹೋಯಿತು ಅಂದುಕೊಂಡಿದ್ದರು. ಒಬ್ಬ ಮುಸ್ಲಿಂ ಮೋಟಾರ್‌ಸೈಕಲ್ ಟ್ಯಾಕ್ಸಿ ಚಾಲಕನ ಕೊಲೆಯಾಯಿತು, ಬಾಂಗಿ ಮತ್ತೆ ಹೊತ್ತಿ ಉರಿಯಿತು, ಸೆರೆಮನೆ ಒಡೆದು ಕೈದಿಗಳೆಲ್ಲ ಓಡಿದರು. ಸಾಂಬಾ-ಪಾಂಜಾ ಆಗ ವಿಶ್ವಸಂಸ್ಥೆಯ ಸಭೆಗೆ ನ್ಯೂಯಾರ್ಕ್‌ಗೆ ಹೋಗಿದ್ದರು. ಅರ್ಧಕ್ಕೇ ಬಿಟ್ಟು ವಾಪಸ್ ಬಂದರು.

ಅದಾಗಿ ಎರಡು ತಿಂಗಳಿಗೆ ಪೋಪ್ ಫ್ರಾನ್ಸಿಸ್ ಬಂದರು. ಬರಬೇಡಿ, ಅಪಾಯ ಅಂದವರೇ ಜಾಸ್ತಿ. ನವೆಂಬರ್ 29ಕ್ಕೆ ಬಾಂಗಿಯ ಕ್ಯಾಥೆಡ್ರಲ್‌ನಲ್ಲಿ, ಕ್ಯಾಥೊಲಿಕರ ಜುಬಿಲಿ ವರ್ಷದ ಶುರುವಿಗೆ ತೆರೆಯುವ ಪವಿತ್ರ ದ್ವಾರ ತೆರೆದರು, ರೋಮ್‌ನಲ್ಲಿ ತೆರೆಯುವುದಕ್ಕೂ ಮೊದಲು. ಮಾರನೇ ದಿನ ಪಿಕೆ5 ಅನ್ನುವ ಮುಸ್ಲಿಂ ಬಡಾವಣೆಯ ಮಸೀದಿಗೆ ಹೋದರು. ತಿಂಗಳುಗಟ್ಟಲೆ ಆ ಬಡಾವಣೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದ ಜನ ಅವರ ಗಾಡಿಯ ಹಿಂದೆ ನಡೆದು ಹೊರಗೆ ಬಂದರು. ಡಿಸೆಂಬರ್ 30ಕ್ಕೆ ಮತದಾನ. 2016ರ ಫೆಬ್ರುವರಿ 14ಕ್ಕೆ ಎರಡನೇ ಸುತ್ತು. ಫೌಸ್ಟಿನ್-ಆರ್ಷಾಂಜ್ ತುವಾದೆರಾ ಗೆದ್ದರು. ಸೋತ ದೊಲೊಗೆಲೆ ಸೋಲು ಒಪ್ಪಿದರು. ಮಾರ್ಚ್ 30ಕ್ಕೆ ಈಕೆ ಅಧಿಕಾರ ಒಪ್ಪಿಸಿದರು.

ಬೆಣ್ಣೆದೋಸೆ ಬಾಬು

ಆಮೇಲಿನದೂ ಹೇಳಿಬಿಡಿ. ತುವಾದೆರಾ 2020ರಲ್ಲಿ ಮತ್ತೆ ಗೆದ್ದರು. 2023ರ ಜುಲೈನಲ್ಲಿ ಜನಮತ ಸಂಗ್ರಹ ಮಾಡಿಸಿ, ಎರಡೇ ಸಲ ಅನ್ನುವ ಮಿತಿಯನ್ನೇ ತೆಗೆದುಹಾಕಿಸಿದರು. ಚುನಾವಣೆ ಗೆದ್ದು ಬಂದವರು ಅಲ್ಲಾಡಲಿಲ್ಲ. ಎಂಟೂ ದಿಕ್ಕಿನಿಂದ ಬೈಸಿಕೊಂಡ ಹಂಗಾಮಿ ಎದ್ದು ಹೋದರು. ಅಂಗೋಲಾ ಲೆಕ್ಕದ ವಿಷಯದಲ್ಲಿ ನಾನು ಬಿಡಲ್ಲ, ಆದರೆ ಇದಕ್ಕೆ ಮಾರ್ಕ್ಸ್ ಕೊಡುತ್ತೇನೆ.

ಪಡುಬಿದ್ರಿ ಪ್ಯಾಸೆಂಜರ್

ಸಾಂಬಾ-ಪಾಂಜಾ ಮತ್ತೆ ಚುನಾವಣೆಗೆ ನಿಲ್ಲಲೇ ಇಲ್ಲವಾ? ಷರತ್ತು ಇದ್ದದ್ದು ಒಂದು ಸಲಕ್ಕೆ ಮಾತ್ರ ಅಲ್ವಾ?

ತುಂಗಾತೀರ

ನಿಂತರು. 2020ರ ಡಿಸೆಂಬರ್‌ನಲ್ಲಿ, ತುವಾದೆರಾ ವಿರುದ್ಧವೇ. ಹೀನಾಯವಾಗಿ ಸೋತರು. ಪಕ್ಷ ಇಲ್ಲದ್ದು ಹಂಗಾಮಿ ಆಗಲು ಅರ್ಹತೆ, ಚುನಾವಣೆಯಲ್ಲಿ ಅದೇ ಕೊರತೆ. ಅದಕ್ಕೂ ಮೊದಲು ಆಫ್ರಿಕನ್ ಒಕ್ಕೂಟದ ಮಹಿಳಾ ಸಂಧಾನಕಾರರ ಜಾಲಕ್ಕೆ ಸಹ-ಅಧ್ಯಕ್ಷೆ ಆಗಿದ್ದರು. ಫೆಮ್‌ವೈಸ್ ಅಂತ ಹೆಸರು. ಬೇರೆಯವರ ಬೆಂಕಿ ಆರಿಸುವ ಕೆಲಸವೇ.

ಗಿರಿಜೆ

@ದುವಾಲಾ ರಿಟರ್ನ್, ಒಂದು ಕೇಳಲಾ? ಆ ಡ್ರೈವರ್ ವಾಪಸ್ ಬಂದರಾ? ಬೆಳಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ.

ದುವಾಲಾ ರಿಟರ್ನ್

ಬಂದರು ಮೇಡಂ. ಹದಿನೇಳು ದಿನದ ಮೇಲೆ. ಲಾರಿಯ ಮುಂದಿನ ಗಾಜು ಇರಲಿಲ್ಲ, ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಬಂದಿದ್ದರು. ಮೊದಲು ಕೇಳಿದ್ದು ಮಾತ್ರೆ ಡಬ್ಬಿ. ಅದು ನನ್ನ ಟೇಬಲ್ ಡ್ರಾಯರ್‌ನಲ್ಲಿತ್ತು. ಅಲ್ಲೇ ಮುಚ್ಚಳ ತೆಗೆದು, ಮಣಿ ಎಣಿಸಿ, ಆಮೇಲೆ ಚಹಾ ಕುಡಿದರು.

ಸರಕು ಮುಟ್ಟಿದ್ದಕ್ಕೆ ರಸೀದಿ ತಂದಿದ್ದರು. ಶಾಲೆ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಪೆನ್ನಿನಲ್ಲಿ ಬರೆದು ಸಹಿ ಹಾಕಿದ್ದರು. ಸೀಲ್ ಇಲ್ಲದೆ ನಮ್ಮ ಅಕೌಂಟೆಂಟ್ ಒಪ್ಪುತ್ತಿರಲಿಲ್ಲ. ಸೀಲ್ ಎಲ್ಲಿ ಅಂತ ಕೇಳಿದೆ. ಆಸ್ಪತ್ರೆಯ ಕುರ್ಚಿ, ಮಂಚ, ಬಾಗಿಲುಗಳ ಜೊತೆ ಸೀಲೂ ಲೂಟಿ ಆಗಿದೆಯಂತೆ. ಸಹಿಯ ಪಕ್ಕ ದಿನಾಂಕ ಬರೆದು, ಅದರ ಕೆಳಗೆ ಅಲ್ಲಿನ ನರ್ಸ್ ಒಬ್ಬರು ನೀಲಿ ಶಾಯಿಯಲ್ಲಿ ಗುಂಡಗೆ ಒಂದು ಸೊನ್ನೆ ಬರೆದಿದ್ದರು, ಸೀಲ್ ಇರಬೇಕಾದ ಜಾಗದಲ್ಲಿ.